ಬಾಳೆಎಲೆ ಪೊಟ್ಟಣದ ಲೆಕ್ಕ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ತಿಂಡಿ ವಿಷಯಕ್ಕೆ ಒಂದು ಸಣ್ಣ ಜಗಳ ಆಯ್ತು. ಬಿಂಡಿಗನವಿಲೆಯಿಂದ ಅಮ್ಮ ಬಂದಿದ್ದರು. ಹೆಂಡತಿಗೆ ವಾರಕ್ಕೊಂದು ಬೆಳಿಗ್ಗೆಯಾದರೂ ಒಲೆ ಮುಂದೆ ನಿಲ್ಲೋದು ತಪ್ಪಲಿ ಅಂತ ಭಾನುವಾರ ನಾವು ಹೋಟೆಲ್ ಪಾರ್ಸೆಲ್ ತರಿಸೋದು ರೂಢಿ. ಫೋನಿನಲ್ಲೇ ಒತ್ತಿದೆ. ಎರಡು ಮಸಾಲೆ ದೋಸೆ, ಒಂದು ಇಡ್ಲಿ-ವಡೆ. ಮುಕ್ಕಾಲು ಗಂಟೆಗೆ ಬಂತು. ದೋಸೆ ಮೆತ್ತಗಾಗಿತ್ತು, ಅದು ಬಿಡಿ, ಪಾರ್ಸೆಲ್ ದೋಸೆ ಗರಿಗರಿ ಇರಲಿ ಅಂತ ಆಸೆಪಡೋದೇ ತಪ್ಪು. ಅಮ್ಮ ತಿಂದು, ಕೈ ತೊಳೆದು, "ಎಷ್ಟಾಯ್ತು ಕಣಪ್ಪಾ?" ಅಂದರು. ನಾನು ಅಭ್ಯಾಸಬಲದಿಂದ "ಇನ್ನೂರು" ಅಂತ ಸುಳ್ಳು ಹೇಳಿದೆ. ಬಿಲ್ಲು ಪೊಟ್ಟಣಕ್ಕೇ ಅಂಟಿಸಿದ್ದರು. ಅಮ್ಮನಿಗೆ ಅಂಕಿ ಓದಲು ಬರುತ್ತೆ.

ಆ ಬಿಲ್ಲನ್ನು ಇಲ್ಲಿ ಬಿಚ್ಚಿಡ್ತೀನಿ. ದೋಸೆಗೆ 105ರಂತೆ ಎರಡಕ್ಕೆ 210, ಇಡ್ಲಿ-ವಡೆ 90, ಒಟ್ಟು 300. ಪ್ಯಾಕಿಂಗ್ 30. ಇಷ್ಟಕ್ಕೆ ಜಿಎಸ್‌ಟಿ 16 ರೂಪಾಯಿ 50 ಪೈಸೆ. ತಂದುಕೊಟ್ಟಿದ್ದಕ್ಕೆ 35. ಪ್ಲಾಟ್‌ಫಾರ್ಮ್ ಶುಲ್ಕ ಅಂತ 15. ಈ ಎರಡರ ಮೇಲೂ ತೆರಿಗೆ, ಅದು 9. ಒಟ್ಟು 405 ರೂಪಾಯಿ 50 ಪೈಸೆ. ಅದೇ ಹೋಟೆಲ್ಲಿಗೆ ನಾವೇ ನಡೆದುಕೊಂಡು ಹೋಗಿ ಕೂತು ತಿಂದಿದ್ದರೆ ದೋಸೆ 80, ಇಡ್ಲಿ-ವಡೆ 70. ತೆರಿಗೆ ಸೇರಿ 241 ರೂಪಾಯಿ 50 ಪೈಸೆ. ನಾನೊಬ್ಬನೇ ಹೋಗಿ ಕಟ್ಟಿಸಿಕೊಂಡು ಬಂದಿದ್ದರೆ 273. ಅಂದರೆ ಚಪ್ಪಲಿ ಮೆಟ್ಟದೆ ಸೋಫಾ ಮೇಲೇ ಕೂತಿದ್ದಕ್ಕೆ ನಾನು ತೆತ್ತ ದಂಡ 132 ರೂಪಾಯಿ 50 ಪೈಸೆ.

"ಇನ್ಮೇಲೆ ಪಾರ್ಸೆಲ್ಲು ಬಂದ್" ಅಂತ ಘೋಷಿಸಿದೆ. ಹೆಂಡತಿ ತಲೆಯೆತ್ತದೆ ಹೇಳಿದ್ದು: "ಬಂದ್ ಮಾಡೋಣ ರೀ. ಆ ದಿನ ಅಡುಗೆ ಯಾರು ಮಾಡ್ತಾರೆ ಅಂತ ಮೊದ್ಲು ಹೇಳಿ, ಆಮೇಲೆ ಬಂದ್ ಮಾಡಿ."

ಅಲ್ಲಿಗೆ ಜಗಳ ಮುಗೀತು. ಆದರೆ ಪ್ರಶ್ನೆ ಮುಗೀಲಿಲ್ಲ. ಪಾರ್ಸೆಲ್ ಅನ್ನೋದಕ್ಕೆ ನಾವು ಯಾವಾಗಿನಿಂದ ದುಡ್ಡು ಕೊಡ್ತಾ ಇದ್ದೀವಿ, ಯಾವುದಕ್ಕೆ ಕೊಡ್ತಾ ಇದ್ದೀವಿ ಅಂತ ಯೋಚಿಸುತ್ತಾ ಹೋದೆ. ಅಮ್ಮನನ್ನೂ ಕೂರಿಸಿಕೊಂಡು ಕೇಳಿದೆ. ಅದನ್ನೇ ಇಲ್ಲಿ ಕುಟ್ಟುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ನಮ್ಮೂರು ಬಿಂಡಿಗನವಿಲೆ ಗೊತ್ತಿಲ್ಲದವರಿಗೆ ಒಂದು ಮಾತು. ನಾಗಮಂಗಲ ತಾಲ್ಲೂಕಿನ ಹೋಬಳಿ ಊರು. ಗರುಡ ದೇವರಿಂದ ಹೆಸರು. ಅತ್ತ ಮೇಲುಕೋಟೆ, ಇತ್ತ ಆದಿಚುಂಚನಗಿರಿ, ಎರಡೂ ನಮಗೆ ಜಾತ್ರೆಯ ದಿಕ್ಕುಗಳು. ಅಮ್ಮನ ಬಾಲ್ಯದಲ್ಲಿ ಮೇಲುಕೋಟೆ ವೈರಮುಡಿಗೆ ಹೋಗೋದು ಅಂದರೆ ಗಾಡಿ ಕಟ್ಟೋದು, ಹಿಂದಿನ ರಾತ್ರಿಯೇ ಬುತ್ತಿ ಕಟ್ಟೋದು. ಬುತ್ತಿಗೆ ಹೊಂದುವ ಅಡುಗೆ ಬೇರೆಯೇ ಇತ್ತು. ಹುಣಿಸೆಹಣ್ಣು, ಎಣ್ಣೆ ಚೆನ್ನಾಗಿ ಬಿದ್ದ ಪುಳಿಯೋಗರೆ ಮಾರನೇ ದಿನಕ್ಕೂ ಕೆಡಲ್ಲ. ಹಾಲು ಜಾಸ್ತಿ, ಮೊಸರು ಕಮ್ಮಿ ಹಾಕಿ ಕಲೆಸಿದ ಅನ್ನ ದಾರಿಯಲ್ಲೇ ಹದವಾಗಿ ಮೊಸರನ್ನ ಆಗುತ್ತೆ. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ನಮ್ಮ ಕಡೆಯ ದಿನದ ಊಟ ಮುದ್ದೆ ಮಾತ್ರ ಬುತ್ತಿಗೆ ಬರಲ್ಲ. ಆರಿದ ಮುದ್ದೆಯನ್ನು ನುಂಗೋದು ಶಿಕ್ಷೆ. (ಈಗ ಆ್ಯಪಿನಲ್ಲಿ ಮುದ್ದೆ ಊಟ ಬರುತ್ತಂತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರಿ ಕೂತ ಮುದ್ದೆಯನ್ನು ನೆನೆಸಿಕೊಂಡರೆ ಅಳು ಬರುತ್ತೆ :-))

ಆ ಕಾಲಕ್ಕೆ ದಾರಿಯಲ್ಲಿ ಅನ್ನ ಕೊಳ್ಳೋದು ಅನ್ನೋ ಮಾತೇ ನಮ್ಮ ಜನಕ್ಕೆ ಮುಜುಗರ. ಅನ್ನ ಇಕ್ಕೋದು ಪುಣ್ಯ, ಮಾರೋದು ಪಾಪ ಅನ್ನೋ ನಂಬಿಕೆ. ಊರಿಂದೂರಿಗೆ ಹೋಗೋರಿಗೆ ಛತ್ರ ಇತ್ತು, ಮಠದ ದಾಸೋಹ ಇತ್ತು, ನೆಂಟರ ಮನೆ ಇತ್ತು. ಜಾತಿ ನೋಡಿ ಬಾಗಿಲು ತೆಗೆಯುವ ಛತ್ರಗಳೇ ಜಾಸ್ತಿ ಅನ್ನೋದೂ ಸೇರಿಸಿಕೊಳ್ಳಿ. ದುಡ್ಡು ಕೊಟ್ಟು ಬೇಯಿಸಿದ್ದನ್ನು ಕೊಳ್ಳುವ ಅಭ್ಯಾಸ ನಮ್ಮ ಜಿಲ್ಲೆಗೆ ಬಂದಿದ್ದರಲ್ಲಿ ರೈಲಿನ ಪಾಲು ದೊಡ್ಡದು ಅಂತ ನನಗನ್ನಿಸುತ್ತೆ. 1876-78ರ ಆ ಭೀಕರ ಬರಗಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ನಡೆಯಿತು, 1880ರ ದಶಕದ ಶುರುವಿಗೆ ರೈಲು ಓಡಾಡಿತು. ತಿನ್ನೋಕಿಲ್ಲದ ಜನ ಕಲ್ಲು ಮಣ್ಣು ಹೊತ್ತು ಹಾಕಿದ ಆ ದಾರಿಯ ಮೇಲೇ ಮುಂದೆ ನಮ್ಮ ಸೀಮೆಯ ಅತಿ ಪ್ರಸಿದ್ಧ ತಿಂಡಿ ಹುಟ್ಟಿತು.

ಮದ್ದೂರು ವಡೆ. ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಶುರು ಮಾಡಿದ್ದು ಅಂತ ಹೇಳುತ್ತಾರೆ. ಗಾಡಿ ಬರುವ ಹೊತ್ತಾಗಿಬಿಟ್ಟಿತ್ತು, ಪಕೋಡ ಕರಿಯುತ್ತಾ ಕೂರಲು ಸಮಯವಿಲ್ಲ, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಅನ್ನೋದು ಕತೆ. ಕತೆ ಎಷ್ಟು ನಿಜವೋ, ವಡೆಯನ್ನು ನೋಡಿದರೆ ಅದು ಪಾರ್ಸೆಲ್ಲಿಗಾಗಿಯೇ ಹುಟ್ಟಿದ್ದು ಅನ್ನೋದಂತೂ ಗೊತ್ತಾಗುತ್ತೆ. ಚಟ್ನಿ ಇಲ್ಲದೆಯೂ ನಡೆಯುತ್ತೆ, ಸಾಂಬಾರು ಬೇಡ, ತಟ್ಟೆ ಬೇಡ, ಒಂದು ಕಾಗದದ ಚೂರು ಸಾಕು. ಚಪ್ಪಟೆ ಇರೋದರಿಂದ ಒಂದರ ಮೇಲೊಂದು ಕೂರುತ್ತೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ. ಆರಿದರೂ ರುಚಿ ಕೆಡಲ್ಲ. ಪ್ಯಾಕಿಂಗ್ ಚಾರ್ಜ್ ಅನ್ನೋ ಮಾತಿಗೇ ಜಾಗವಿಲ್ಲದ ತಿಂಡಿ ಅದು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರಿನವರು ಊರೊಳಗೆ ಬರದೆ ಬೈಪಾಸಿನಲ್ಲೇ ಹಾರಿಹೋಗುತ್ತಾರೆ. ರೈಲು ಹುಟ್ಟಿಸಿದ ತಿಂಡಿಗೆ ರಸ್ತೆ ಕೊಟ್ಟ ಏಟು ಇದು.

ರೈಲು ಬಂದಿದ್ದು ದೊಡ್ಡ ಊರುಗಳಿಗೆ. ನಮ್ಮಂಥ ಹೋಬಳಿ ಊರಿಗೆ ಹೋಟೆಲ್ಲು ಬಂದಿದ್ದು ಬಸ್ಸಿನ ಜೊತೆ, ಅದೂ ನಿಧಾನಕ್ಕೆ. ಅದನ್ನು ತಂದವರಲ್ಲಿ ಬಹಳ ಜನ ದಕ್ಷಿಣ ಕನ್ನಡ, ಉಡುಪಿ ಕಡೆಯವರು. ಕೆಲಸ ಹುಡುಕಿಕೊಂಡು ಘಟ್ಟ ಹತ್ತಿ ಬಂದ ಹುಡುಗರು ಲೋಟ ತೊಳೆಯೋದರಿಂದ ಶುರು ಮಾಡಿ ಗಲ್ಲಾಪೆಟ್ಟಿಗೆವರೆಗೆ ಬಂದ ಕತೆ ಕರ್ನಾಟಕದ ಪ್ರತಿ ಊರಲ್ಲೂ ಒಂದಿದೆ. 1924ರಲ್ಲಿ ಬೆಂಗಳೂರಿನಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಶುರುವಾದದ್ದೂ ಹಾಗೆ ಬಂದ ಮಯ್ಯ ಸಹೋದರರಿಂದಲೇ.

ಇಲ್ಲಿ ಅಮ್ಮ ಒಂದು ವಿಷಯ ಹೇಳಿದರು. ನಾನು ಕೇಳಿದ್ದು ಪಾರ್ಸೆಲ್ ಬಗ್ಗೆ, ಅವರು ಹೇಳಿದ್ದು ಬೇರೆಯದೇ ಅನ್ನಿಸಿತ್ತು ಮೊದಲು.

ಅವರು ಸಣ್ಣ ಹುಡುಗಿಯಾಗಿದ್ದಾಗ ಸಂತೆಗೆ ಹೋದರೆ ಅಲ್ಲೊಂದು ಹೋಟೆಲ್ಲು. ಯಾವ ಊರಿನದು ಅಂತ ಅವರೂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಒಳಗೆ ಬೆಂಚು, ಮೇಜು. ಕೇರಿಯ ಜನ ಒಳಗೆ ಬರುವ ಹಾಗಿಲ್ಲ. ಹೊರಗೆ ಪಕ್ಕದಲ್ಲಿ ನಿಲ್ಲಬೇಕು. ಕಾಫಿ ಬೇಕಿದ್ದರೆ ಅವರದೇ ಚೊಂಬು ತರಬೇಕು, ಮೇಲಿಂದ ಹುಯ್ಯುತ್ತಾರೆ. ಇಡ್ಲಿಯನ್ನು ಎಲೆಗೆ ಹಾಕಿ ಕೈಗೆ ತಾಕದ ಹಾಗೆ ಇಳಿಬಿಡುತ್ತಾರೆ. ದುಡ್ಡು ಮಾತ್ರ ಒಳಗಿನವರಷ್ಟೇ. "ಅವರಿಗೆ ಯಾವಾಗಲೂ ಪಾರ್ಸೆಲ್ಲೇ ಕಣಪ್ಪಾ" ಅಂದರು ಅಮ್ಮ.

ನನಗೆ ಒಂದು ನಿಮಿಷ ಮಾತು ಹೊರಡಲಿಲ್ಲ. ನಮ್ಮ ಮನೆಯವರು ಒಳಗೆ ಕೂತು ತಿಂದವರು. ಹೊರಗೆ ನಿಂತವರ ಲೆಕ್ಕ ನಮ್ಮನೆಯಲ್ಲಿ ಯಾರೂ ಇಟ್ಟಿಲ್ಲ.

ಇದು ನಮ್ಮ ಸೀಮೆಯೊಂದರ ಕತೆಯಲ್ಲ. ದಕ್ಷಿಣದ ಹಳೇ ಹೋಟೆಲ್ಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ ಇತ್ತು, ಮದರಾಸಿನಲ್ಲಿ ಅದರ ವಿರುದ್ಧ ಚಳವಳಿಗಳೇ ನಡೆದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲ್ಲು, ಬಾವಿ, ಕೆರೆಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ ಅಂತ ಬಿಡಿಸಿ ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಹೋಟೆಲ್ಲಿನವರು ಹಾಗೆ ತಡೆಯೋದು ಶಿಕ್ಷೆಗೆ ಗುರಿಯಾಗುವ ಅಪರಾಧ ಆಯ್ತು. ಅದಾದ ಮೇಲೂ ಹಳ್ಳಿಗಳಲ್ಲಿ ಎರಡು ಥರದ ಲೋಟ ಎಷ್ಟು ವರ್ಷ ಉಳಿದಿತ್ತು ಅನ್ನೋದನ್ನು ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿದ್ದೇವೆ. ಅವರಿಗೆ ಸವಲತ್ತು ಅಂದರೆ ಪಾರ್ಸೆಲ್ ಅಲ್ಲ, ಬೆಂಚಿನ ಮೇಲೆ ಕೂರೋದು. ನಾನು ಸೋಫಾ ಮೇಲೆ ಕೂತು 132 ರೂಪಾಯಿ ಜಾಸ್ತಿ ಕೊಟ್ಟು ಕೊಳ್ಳುತ್ತಿರುವ "ಒಳಗೆ ಹೋಗದೇ ಇರುವ ಸುಖ"ವನ್ನು ಇನ್ನೊಬ್ಬರ ಮೇಲೆ ಹೇರಲಾಗಿತ್ತು.

ಇನ್ನೊಂದು ಕಡೆ ಹೆಂಗಸರು. ಅಮ್ಮ ಒಳಗೆ ಕೂರಬಹುದಾದ ಜಾತಿಯವರಾದರೂ ಮದುವೆಯಾದ ಮೇಲೆ ನಮ್ಮೂರ ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಒಂದು ದಿನವೂ ಕೂತು ತಿಂದವರಲ್ಲ. ಮನೆ ಹೆಂಗಸು ಹೋಟೆಲ್ಲಿಗೆ ಹೋದಳು ಅಂದರೆ ಊರೆಲ್ಲ ಮಾತು. ಅಪ್ಪ ತಿಂಗಳಿಗೊಮ್ಮೆ, ಸಂಬಳವಾದ ದಿನ, ಸಂಜೆ ಬರುವಾಗ ಒಂದು ಪೊಟ್ಟಣ ತರುತ್ತಿದ್ದರು. ಒಳಗೆ ಬಾಳೆಎಲೆ, ಹೊರಗೆ ಹಳೇ ಪೇಪರು, ಸುತ್ತ ದಾರ. ಹೋಟೆಲ್ಲಿನ ಗಲ್ಲಾ ಪಕ್ಕ ದಾರದ ಉಂಡೆ ಮೇಲಿಂದ ನೇತಾಡುತ್ತಿತ್ತಲ್ಲ, ನೆನಪಿದೆಯಾ? ಕಟ್ಟುವವನು ಕೈ ಎತ್ತಿ ಸರ್ರನೆ ಎಳೆದು ಎರಡು ಸುತ್ತು ಸುತ್ತಿ ಪಟ್ಟಂತ ಹರಿಯುವ ರೀತಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸಾಂಬಾರಿಗೆ ಮನೆಯಿಂದ ಹಿಡಿಕೆಯಿರುವ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಬೇಕು, ಡಬ್ಬಿ ದೊಡ್ಡದಿದ್ದರೆ ಹೋಟೆಲ್ಲಿನವರು ಗೊಣಗುತ್ತಲೇ ಇನ್ನೊಂದು ಸೌಟು ಹಾಕುತ್ತಿದ್ದರು. ಪೊಟ್ಟಣ ಬಿಚ್ಚಿದಾಗ ಬಾಡಿದ ಎಲೆಯ ವಾಸನೆ, ಎಲೆಗೆ ಅಂಟಿದ ಆಲೂಗಡ್ಡೆ ಪಲ್ಯ... ಅಮ್ಮ ಒಲೆ ಹಚ್ಚದ ರಾತ್ರಿ ಅದೊಂದೇ. ಇದನ್ನು ಹೇಳುವಾಗ ಅವರ ಮುಖದಲ್ಲಿ 405 ರೂಪಾಯಿಯ ಕೋಪ ಇರಲಿಲ್ಲ.

ಬೆಲೆ ಏರೋದು, ಅದಕ್ಕೆ ಜನ ಗೋಳಾಡೋದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಗಿ ಅಲ್ಲಿಂದ ಅಕ್ಕಿ ಬರೋದು ನಿಂತಾಗ ಹೋಟೆಲ್ಲಿನವರು ಇಡ್ಲಿಗೆ ಏನು ಮಾಡೋದು ಅಂತ ತಲೆ ಕೆಡಿಸಿಕೊಂಡರು, ರವೆ ಇಡ್ಲಿ ಹುಟ್ಟಿದ್ದು ಆಗಲೇ ಅಂತ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿ ಅಂತ ಕರೆ ಕೊಟ್ಟಾಗ ಸೋಮವಾರ ರಾತ್ರಿ ಹೋಟೆಲ್ಲುಗಳೇ ಬಾಗಿಲು ಹಾಕಿದ್ದವು.

ಆದರೆ ನನಗೆ ಎಲ್ಲಕ್ಕಿಂತ ಕುತೂಹಲದ್ದು ತುರ್ತು ಪರಿಸ್ಥಿತಿಯ ಕಾಲದ್ದು. 1975ರ ನಂತರ ಸರ್ಕಾರ ಹೋಟೆಲ್ ತಿಂಡಿಗೆ ಬೆಲೆ ಕಟ್ಟಿಹಾಕಿತು, ಇಂತಿಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ತಿನ್ನುವವನಿಗೆ ಖುಷಿಯೇ. ಆದರೆ ತುಪ್ಪದ ಬೆಲೆ, ಕಾಫಿಬೀಜದ ಬೆಲೆ ಆ ಆದೇಶ ಓದಿಕೊಂಡು ಇಳಿಯಲಿಲ್ಲವಲ್ಲ! ಗುಣಮಟ್ಟ ಇಳಿಸಲು ಒಪ್ಪದ ಎಂಟಿಆರ್‌ನವರು ದಿನದ ನಷ್ಟವನ್ನು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದರು ಅನ್ನೋ ಕತೆ ಬೆಂಗಳೂರಿನ ಹಳಬರ ಬಾಯಲ್ಲಿದೆ. ಕೊನೆಗೆ ಹೋಟೆಲ್ಲು ಮುಚ್ಚಿ, ಪುಡಿ, ಮಿಕ್ಸ್ ಮಾಡಿ ಮಾರಲು ಶುರು ಮಾಡಿದರು. ಹೋಟೆಲ್ಲು ಮತ್ತೆ ತೆರೆದದ್ದು 80ರ ದಶಕದಲ್ಲಿ, ಅಷ್ಟರಲ್ಲಿ ಪುಡಿಯ ವ್ಯಾಪಾರ ಹೋಟೆಲ್ಲಿಗಿಂತ ದೊಡ್ಡದಾಗುವ ದಾರಿ ಹಿಡಿದಿತ್ತು. 2007ರಲ್ಲಿ ಆ ಪುಡಿಯ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಮೇಲುಕೋಟೆ ಬುತ್ತಿಯ ಪುಳಿಯೋಗರೆ ಪ್ಯಾಕೆಟ್ಟಿಗೆ ಬಂದದ್ದೂ ಈ ದಾರಿಯಲ್ಲೇ.

ಇದನ್ನು ಉದ್ಯಮಶೀಲತೆಯ ಕತೆಯಾಗಿ ಎಲ್ಲರೂ ಬರೆದಿದ್ದಾರೆ. ನನ್ನ ಹೆಂಡತಿಯ ಪ್ರಶ್ನೆ ಕಿವಿಯಲ್ಲಿರುವಾಗ ಅದು ನನಗೆ ಬೇರೆ ಥರ ಕಾಣಿಸಿತು. ಹೋಟೆಲ್ಲಿನಲ್ಲಿ ಕೆಲಸ ಪೂರ್ತಿ ಮಾಡಿ ಕೊಡುತ್ತಿದ್ದರು, ಪ್ಯಾಕೆಟ್ಟಿನಲ್ಲಿ ಅರ್ಧ ಮಾಡಿ ಕೊಟ್ಟರು. ಉಳಿದರ್ಧ, ಅಂದರೆ ಕಲೆಸೋದು, ಬೇಯಿಸೋದು, ಪಾತ್ರೆ ತೊಳೆಯೋದು, ನಮ್ಮ ಮನೆ ಹೆಂಗಸರ ತಲೆಗೆ ಬಂತು. ಬೆಲೆ ಕಮ್ಮಿ ಅನ್ನಿಸಿದ್ದು ಆ ಕೆಲಸಕ್ಕೆ ಬಿಲ್ಲು ಹಾಕುವವರು ಯಾರೂ ಇಲ್ಲದ್ದರಿಂದ.

ಬಾಳೆಎಲೆ ಹೋಗಿ ಪ್ಲಾಸ್ಟಿಕ್ ಬಂದದ್ದು ಯಾವಾಗ ಅಂತ ಅಮ್ಮನಿಗೂ ಸರಿಯಾಗಿ ನೆನಪಿಲ್ಲ, ನನಗೂ ಇಲ್ಲ. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಹುಯ್ದು ರಬ್ಬರ್ ಬ್ಯಾಂಡ್ ಹಾಕಿಕೊಡುವುದು ಎಷ್ಟು ಸಹಜ ಆಗಿಹೋಯ್ತು ಅಂದರೆ ಡಬ್ಬಿ ತಂದವನೇ ಹಳ್ಳಿಗಮಾರ ಅನ್ನೋ ಹಾಗಾಯ್ತು. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತೆಯವರು ಇಡ್ಲಿ ಮಾದರಿ ತೆಗೆದು ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು ಅಂತ ಗೊತ್ತಾಯ್ತು! ಈಗ ಬರುವ ಗಟ್ಟಿ ಡಬ್ಬಿಗೆ ಹತ್ತು ರೂಪಾಯಿ. ಅದನ್ನು ತೊಳೆದು ಬೇಳೆ ತುಂಬಿಡೋಣ ಅಂತ ಅಮ್ಮ ಎತ್ತಿಟ್ಟಿದ್ದಾರೆ, ಅಡುಗೆಮನೆಯಲ್ಲಿ ಈಗಾಗಲೇ ಹದಿನೇಳು ಡಬ್ಬಿ ಇವೆ.

ತೆರಿಗೆಯದು ಬೇಗ ಹೇಳಿ ಮುಗಿಸ್ತೀನಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸಾಮಾನ್ಯ ಹೋಟೆಲ್ಲಿಗೆ ಶೇ. 12, ಎಸಿ ಇದ್ದರೆ 18. ಎಸಿಯ ತಂಪು ಅನುಭವಿಸದೆ ಬಾಗಿಲಲ್ಲೇ ಪಾರ್ಸೆಲ್ ತೆಗೆದುಕೊಂಡು ಹೋಗುವವನಿಗೂ 18. ಜನ ಬೈದರು. ಅದೇ ವರ್ಷ ನವೆಂಬರ್ 15ರಿಂದ 5ಕ್ಕೆ ಇಳಿಯಿತು. ಆದರೆ ಹೋಟೆಲ್ಲಿನವರು ತಾವು ಸಾಮಾನಿಗೆ ಕಟ್ಟಿದ ತೆರಿಗೆಯನ್ನು ವಾಪಸು ಹಿಡಿದುಕೊಳ್ಳುವ ಅವಕಾಶ ಹೋಯ್ತು, ಅದು ಮೆಲ್ಲಗೆ ತಿಂಡಿಯ ಬೆಲೆಯೊಳಗೆ ಸೇರಿಕೊಂಡಿತು. ಇನ್ನು ಹಾಲು. ನಂದಿನಿ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ ಏರಿತು, 2025ರ ಏಪ್ರಿಲ್‌ನಲ್ಲಿ ಇನ್ನೊಂದು 4. ಕಾಫಿಪುಡಿ ಕೇಳಲೇಬೇಡಿ. ಹೋಟೆಲ್ಲಿನವರನ್ನು ಕಳ್ಳರು ಅನ್ನೋಕೆ ನನಗೆ ಮನಸ್ಸಿಲ್ಲ.

ಆ್ಯಪಿನವರದು ಬೇರೆ ಲೆಕ್ಕ. ಸ್ವಿಗ್ಗಿ ಬೆಂಗಳೂರಿನಲ್ಲೇ 2014ರಲ್ಲಿ ಹುಟ್ಟಿದ್ದು. ಶುರುವಿನಲ್ಲಿ ಈ ಕಂಪನಿಗಳೆಲ್ಲ ಹೂಡಿಕೆದಾರರ ದುಡ್ಡಲ್ಲಿ ನಮಗೆ ರಿಯಾಯಿತಿ ಮೇಲೆ ರಿಯಾಯಿತಿ ಕೊಟ್ಟು ರುಚಿ ಹತ್ತಿಸಿದವು. ಪ್ಲಾಟ್‌ಫಾರ್ಮ್ ಶುಲ್ಕ ಅಂತ 2023ರ ಏಪ್ರಿಲ್‌ನಲ್ಲಿ ಸ್ವಿಗ್ಗಿ ಶುರು ಮಾಡಿದಾಗ ಅದು ಬರೀ 2 ರೂಪಾಯಿ. ಎರಡು ರೂಪಾಯಿಗೆ ಯಾರು ಜಗಳ ಆಡ್ತಾರೆ? ಈಗ ನನ್ನ ಬಿಲ್ಲಲ್ಲಿ ಅಂಥದ್ದೇ ಶುಲ್ಕ 15. 2025ರ ಸೆಪ್ಟೆಂಬರ್ 22ರಿಂದ ಡೆಲಿವರಿಯ ಮೇಲೂ ಶೇ. 18 ತೆರಿಗೆ. ಹೋಟೆಲ್ಲಿನವರು ಕಮಿಷನ್ ಕೊಡಬೇಕಾದ್ದರಿಂದ ಆ್ಯಪಿನಲ್ಲಿ ದೋಸೆಗೆ 25 ರೂಪಾಯಿ ಜಾಸ್ತಿ. ಮಳೆಯಲ್ಲಿ ನೆನೆದುಕೊಂಡು ಬಂದ ಹುಡುಗನನ್ನು ಒಮ್ಮೆ ಊರು ಕೇಳಿದೆ. "ಕೆ.ಆರ್. ಪೇಟೆ ಸಾರ್" ಅಂದ. ನಮ್ಮ ಪಕ್ಕದ ತಾಲ್ಲೂಕು. ನಾನು ದಂಡ ಅಂದುಕೊಂಡ ದುಡ್ಡಲ್ಲಿ ಎಷ್ಟು ಅವನ ಕೈಗೆ ಹೋಗುತ್ತೆ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಅವನ ಫೋನು ಮುಂದಿನ ಆರ್ಡರಿಗೆ ಕೂಗಿತು.

ಇಷ್ಟೆಲ್ಲ ಜಾಲಾಡಿದ ಮೇಲೆ ನಾನು ಮಾಡಿದ ತೀರ್ಮಾನ ಇದು. ಭಾನುವಾರದ ಪಾರ್ಸೆಲ್ ನಿಲ್ಲಿಸಲ್ಲ. 241 ರೂಪಾಯಿ ತಿಂಡಿಗೆ ಕೊಟ್ಟದ್ದು, ಅದರಲ್ಲಿ ಹೆಂಡತಿಯ ಒಂದು ಬೆಳಿಗ್ಗೆಯ ಬಿಡುವೂ ಸೇರಿದೆ, ಅದು ಅಗ್ಗವೇ. ಆದರೆ ಆ್ಯಪು ಅಳಿಸಿದೆ. ನನಗೆ ಕಾಲಿದೆ, ಹೋಟೆಲ್ಲು ಹದಿನೈದು ನಿಮಿಷದ ದಾರಿ. ಅಮ್ಮನ ಮಂಡಿನೋವಿಗೆ ಅಲ್ಲಿವರೆಗೆ ನಡೆಯೋದು ಆಗಲ್ಲ, ಇಲ್ಲದಿದ್ದರೆ ಎಲ್ಲರೂ ಹೋಗಿ ಕೂತೇ ತಿನ್ನಬಹುದಿತ್ತು. ಬುಧವಾರ ರಾತ್ರಿಯ ಇನ್ನೊಂದು ಪಾರ್ಸೆಲ್ ಇತ್ತು, ಅದು ಮಾತ್ರ ಪೂರ್ತಿ ಬಂದ್. ಆ ದಿನ ಅಡುಗೆ ನನ್ನದು. ಮೊದಲ ಬುಧವಾರ ಮಾಡಿದ ಚಿತ್ರಾನ್ನದ ಬಗ್ಗೆ ಮನೆಯವರು ಯಾರೂ ಏನೂ ಹೇಳಲಿಲ್ಲ, ಅದೇ ನನಗೆ ಸ್ವಲ್ಪ ಅನುಮಾನ.

ಮುಂದಿನ ಭಾನುವಾರ ಅಟ್ಟದಿಂದ ಅಪ್ಪನ ಕಾಲದ ಸ್ಟೀಲ್ ಕ್ಯಾರಿಯರ್ ಇಳಿಸಿ, ತೊಳೆದು, ತೆಗೆದುಕೊಂಡು ಹೋದೆ. ಗಲ್ಲಾದವರು ಕ್ಯಾರಿಯರನ್ನೂ ನನ್ನನ್ನೂ ನೋಡಿದರು. "ಇದಕ್ಕೆ ಹಾಕಿದ್ರೆ ಅಳತೆ ಗೊತ್ತಾಗಲ್ಲ ಸಾರ್." ಅಳತೆ ಪ್ರಕಾರವೇ ಹಾಕಿ ಅಂದೆ. ಒಳಗೆ ಹೋಗಿ ಮಾತಾಡಿಕೊಂಡು ಬಂದು ಒಪ್ಪಿದರು. ಬಿಲ್ಲು ನೋಡಿದರೆ 273! ಡಬ್ಬಿ ನಿಮ್ಮದಲ್ಲವಲ್ಲ ಅಂದೆ. ಕಂಪ್ಯೂಟರಿನಲ್ಲಿ ಪಾರ್ಸೆಲ್ ಅಂತ ಒತ್ತಿದರೆ ಡಬ್ಬಿ ದುಡ್ಡು ತಾನಾಗೇ ಬರುತ್ತಂತೆ, ತೆಗೆಯೋಕೆ ಅವರಿಗೆ ಬರಲ್ಲವಂತೆ. ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊಟ್ಟು ಬಂದೆ. ಮೂರನೇ ಭಾನುವಾರ ಆ ಹುಡುಗನೇ ದಾರಿ ಕಂಡುಹಿಡಿದ, ಕೂತು ತಿನ್ನುವವರ ಬಿಲ್ಲು ಒತ್ತಿ ಕೈಗೆ ಕೊಟ್ಟ. 241 ರೂಪಾಯಿ 50 ಪೈಸೆ.

ಮನೆಗೆ ಬಂದು ಕ್ಯಾರಿಯರ್ ಬಿಚ್ಚಿದೆವು. ದೋಸೆ ಮಾಮೂಲಿನಂತೆ ಮೆತ್ತಗೆ. ಅಮ್ಮ ಕೆಳಗಿನ ಡಬ್ಬಿ ಎತ್ತಿ ಸಾಂಬಾರು ಎಷ್ಟಿದೆ ಅಂತ ಬಗ್ಗಿಸಿ ನೋಡಿದರು. "ದೊಡ್ಡ ಡಬ್ಬಿ ತಗೊಂಡ್ ಹೋಗ್ಬೇಕಿತ್ತು ಕಣಪ್ಪಾ" ಅಂದರು.